ಗೋಂದು ನಲವತ್ತೊಂಬತ್ತಕ್ಕೆ ರನ್ ಔಟ್

"ಎಡಕ್ಕೆ ತಿರುಗಿಸ್ರೋ, ಎಡಕ್ಕೆ!"

"ಯಾರ ಎಡಕ್ಕೆ? ನಿನ್ನದೋ ನನ್ನದೋ?"

"ಪೆಟ್ಟಿಗೆ ಎಡಕ್ಕೆ ಕಣಯ್ಯಾ!"

"ಪೆಟ್ಟಿಗೆಗೆ ಎಡ ಯಾವುದು, ಬಲ ಯಾವುದು? ಒಳ್ಳೆ ಕತೆ ನಿಂದು!"

ಖಾಲಿ ಶವಪೆಟ್ಟಿಗೆ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮುಂದೆ ಕನ್ನಡಕದ ಅಂಗಡಿ, ಹಿಂದೆ ಮನೆ, ನಡುವೆ ಇಬ್ಬರು ಭುಜಕ್ಕೆ ಭುಜ ಉಜ್ಜಿಕೊಂಡು ನಡೆಯಬೇಕಾದ ಓಣಿ. ಅದೂ ನೆಟ್ಟಗಿರಲಿಲ್ಲ, ಅರ್ಧಕ್ಕೆ ಬಂದು ಮೊಣಕೈ ಮಡಿಸಿದ ಹಾಗೆ ತಿರುಗಿಕೊಂಡಿತ್ತು. ಈ ನಲವತ್ತು ವರ್ಷಗಳಲ್ಲಿ ಮಂಚ, ಬೀರು, ಹೊಲಿಗೆ ಯಂತ್ರ ಎಲ್ಲವೂ ಇದೇ ತಿರುವು ದಾಟಿ ಒಳಗೆ ಹೋಗಿದ್ದವು. ಹೇಗೆ ಹೋದವೆಂದು ಗೊತ್ತಿದ್ದ ಒಬ್ಬನೇ ಒಬ್ಬ ಒಳಗಿನ ಕೋಣೆಯಲ್ಲಿ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಮಲಗಿದ್ದ. ಅವನನ್ನು ಕೇಳುವ ಹಾಗಿರಲಿಲ್ಲ.

ಪೆಟ್ಟಿಗೆಯ ಮುಂದಿನ ಹಿಡಿ ಕ್ಯಾಪ್ಟನ್ ಕೈಯಲ್ಲಿತ್ತು. ಕ್ರಿಕೆಟ್ ಕ್ಲಬ್ಬಿನ ನಾಯಕತ್ವ ಬಿಟ್ಟು ಇಪ್ಪತ್ತು ವರ್ಷ ಆಗಿದ್ದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ, ಅವನೂ ಗದರುವ ಚಟ ಬಿಟ್ಟಿರಲಿಲ್ಲ. ಅವನ ಪಕ್ಕದಲ್ಲಿ ಹಳೆಯ ವಿಕೆಟ್ ಕೀಪರ್, ಕಸುಬಿನಲ್ಲಿ ದರ್ಜಿ, ಎರಡೂ ಮಂಡಿ ಸವೆದು ಹೋದವನು. ಹಿಂದೆ ಬಾಡಿಗೆ ವ್ಯಾನಿನ ಡ್ರೈವರ್, ಮತ್ತು ಸತ್ತವನ ಹೆಂಡತಿಯ ಅಣ್ಣ. ಈ ಅಣ್ಣನನ್ನು ಎಲ್ಲರೂ ಮೈಕು ಅಂತಲೇ ಕರೆಯುತ್ತಿದ್ದರು. ಮೂವತ್ತಾರು ವರ್ಷ ರೈಲು ನಿಲ್ದಾಣದಲ್ಲಿ ಕೂತು, ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಸಾರಿದವನು. ಅವನು ಬಾಯಿ ತೆರೆದರೆ ಸಾಕು, ಮಲಗಿದ ಪ್ರಯಾಣಿಕರು ಎದ್ದು ಗಂಟುಮೂಟೆ ಹುಡುಕುತ್ತಿದ್ದರು. ಇವತ್ತು ಬೆಳಿಗ್ಗೆಯಿಂದ ಆ ಬಾಯಿಗೆ ಬೀಗ ಬಿದ್ದಿತ್ತು.

ಸತ್ತವನ ಮಗಳು ತಿರುವಿನ ಆಚೆಯಿಂದ ಇಣುಕಿದಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

"ಮಾವ, ನೀವೊಬ್ಬರು ಹೇಳಿ. ಎಲ್ರೂ ಕೂಗಿದ್ರೆ ಹೇಗೆ? ಒಬ್ರು ಹೇಳಿದ್ರೆ ಉಳಿದವರು ಕೇಳ್ತಾರೆ."

ಮೈಕು ತಲೆ ಅಲ್ಲಾಡಿಸಿದ. ಬೇಡ ಅಂತಲೋ, ಆಗಲ್ಲ ಅಂತಲೋ ಅವಳಿಗೆ ತಿಳಿಯಲಿಲ್ಲ.

ಕೊನೆಗೆ ಡ್ರೈವರ್ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮೂಲೆಯಲ್ಲಿ ಗಿರಕ್ಕನೆ ತಿರುಗಿಸಿ ಒಳಗೆ ಸಾಗಿಸಿದ. ಕ್ಯಾಪ್ಟನ್ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ.

"ಈಗೇನೋ ನಿಲ್ಲಿಸಿ ತಂದ್ವಿ," ಅಂದ. "ಹೋಗ್ತಾ ಏನು ಮಾಡೋದು? ಅವನನ್ನ ನಿಲ್ಲಿಸೋಕಾಗುತ್ತಾ?"



ಒಳಗಿನ ಕೋಣೆಯಲ್ಲಿ ಸತ್ತವನ ಅಂಗಡಿಯ ಕುರ್ಚಿಗಳನ್ನು ಗೋಡೆಯುದ್ದಕ್ಕೂ ಜೋಡಿಸಿದ್ದರು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಹಳೆಯ ಅಕ್ಷರಪಟ್ಟಿ ಹಾಗೇ ಇತ್ತು. ಬಂದವರೆಲ್ಲ ದುಃಖದಲ್ಲೂ ಒಂದು ಕಣ್ಣು ಮುಚ್ಚಿ ಕೊನೆಯ ಸಾಲು ಕಾಣುತ್ತದೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದರು. ಸತ್ತವನ ಮೂಗಿನ ಮೇಲೆ ಕನ್ನಡಕ ಇತ್ತು. ಮೈಮೇಲೆ ಕ್ಲಬ್ಬಿನ ಬಿಳಿ ಬಟ್ಟೆ. ಮದುವೆಯ ಕೋಟು ತೊಡಿಸಬೇಡಿ, ಅದರಲ್ಲಿ ಉಸಿರು ಕಟ್ಟುತ್ತೆ ಎಂದು ಆಸ್ಪತ್ರೆಯಲ್ಲಿ ಅವನೇ ಹೇಳಿದ್ದನಂತೆ. ಅದನ್ನು ಹೇಳುವಾಗ ಅವನ ಹೆಂಡತಿ ನಕ್ಕಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕ್ಲಬ್ಬಿನಲ್ಲಿ ಅವನ ಹೆಸರು ಗೋಂದು. ಕ್ರೀಸಿಗೆ ಹೋದನೆಂದರೆ ಅಂಟಿಕೊಂಡ, ಕೆರೆದು ತೆಗೆದರೂ ಬರುತ್ತಿರಲಿಲ್ಲ. ರನ್ ಮಾತ್ರ ಕೇಳಬಾರದು.

"ಅಂಕಲ್," ಮಗಳು ಕ್ಯಾಪ್ಟನ್ ಹತ್ತಿರ ಬಂದಳು, "ಅಲ್ಲಿ ಸ್ಮಶಾನದಲ್ಲಿ ನೀವು ಅಪ್ಪನ ಬಗ್ಗೆ ನಾಲ್ಕು ಮಾತಾಡ್ತೀರಾ? ಅಳೋ ಮಾತು ಬೇಡ. ಆ ನಲವತ್ತೊಂಬತ್ತರ ಕತೆ ಹೇಳಿ. ಎಲ್ಲರಿಗೂ ಅದೇ ಇಷ್ಟ."

"ಅದನ್ನ ಹೇಳದೆ ಬಿಡ್ತೀನಾ!" ಕ್ಯಾಪ್ಟನ್ ಮುಖ ಅರಳಿತು. "ಇಪ್ಪತ್ತು ವರ್ಷ ಅಲ್ಲಾಡದ ಗೋಂದು, ಒಂದೇ ಒಂದು ರನ್ನಿನ ಆಸೆಗೆ ಬಿಟ್ಟುಕೊಂಡುಬಿಡ್ತು. ಕರೀದೇ ಇದ್ರೂ ಓಡಿದ ಪುಣ್ಯಾತ್ಮ!"

ಕೂತಿದ್ದವರು ಮೆಲ್ಲಗೆ ನಕ್ಕರು. ಪ್ರೀತಿಯ ನಗುವೇ ಅದು.

"ಮಾವ, ನೀವೂ ಹೇಳಿ," ಅಂದಳು ಮಗಳು. "ಆವತ್ತು ಆ ಕಡೆ ತುದೀಲಿ ನೀವೇ ಇದ್ರಲ್ಲ."

ಮೈಕು ನೀರಿನ ಲೋಟ ಕೆಳಗಿಟ್ಟ. ಆವತ್ತು ತಾನು ಕರೆದದ್ದು ಹೌದೋ ಅಲ್ಲವೋ ಎನ್ನುವುದು ಈ ಕೋಣೆಯಲ್ಲಿ ಇಬ್ಬರಿಗೇ ಗೊತ್ತು ಎಂದುಕೊಂಡಿದ್ದ. ಒಬ್ಬ ಮಲಗಿದ್ದ. ಇನ್ನೊಂದು ಗಂಟೆಗೆ ಅವನನ್ನು ಎತ್ತಲಿದ್ದರು, ಮೂವತ್ತೊಂದು ವರ್ಷದ ಸುಳ್ಳನ್ನೂ ಜೊತೆಗೇ ಹೂಳಲಿದ್ದರು.

*

ಆ ಬೇಸಿಗೆಯ ಲೀಗಿನಲ್ಲಿ ಒಂಬತ್ತು ತಂಡಗಳಿದ್ದವು. ಅಂಚೆಯವರು, ಬೇಕರಿಯವರು, ಆಸ್ಪತ್ರೆಯವರು, ಹೀಗೆ. ಮೈದಾನದ ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ತಗಡಿನ ಷೆಡ್ಡು. ಭಾನುವಾರ ಬೆಳಿಗ್ಗೆ ಮ್ಯಾಟ್ ಹಾಸಿ ಮೊಳೆ ಹೊಡೆಯುವ ಸದ್ದು ಕೇಳಿದರೆ ಸುತ್ತಲಿನ ಬೀದಿಗಳ ಹೆಂಗಸರು "ಇನ್ನು ಇವರು ಸಂಜೆಯವರೆಗೆ ನಮ್ಮವರಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಷೆಡ್ಡಿನ ಬಾಗಿಲ ಮೇಲೆ ಒಂದು ಮರದ ಹಲಗೆ. ಲೀಗಿನಲ್ಲಿ ಐವತ್ತು ಹೊಡೆದವರ ಅಡ್ಡಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದರು. ನಿಜವಾದ ಹೆಸರು ಬರೆದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಇನ್ನಿಂಗ್ಸ್ ಶುರು ಮಾಡುವವರು ಪ್ರತಿ ವರ್ಷವೂ ಇವರಿಬ್ಬರೇ, ಗೋಂದು ಮತ್ತು ಮೈಕು, ಭಾವ ಮತ್ತು ಭಾವ. ಇಬ್ಬರ ಹೆಸರೂ ಹಲಗೆಯ ಮೇಲಿರಲಿಲ್ಲ. ಮೈಕು ಅವಸರಕ್ಕೆ ಬಿದ್ದು ಔಟಾಗುತ್ತಿದ್ದ. ಗೋಂದು ಮೂವತ್ತು ಮುಟ್ಟುವಷ್ಟರಲ್ಲಿ ಓವರುಗಳೇ ಮುಗಿದುಹೋಗುತ್ತಿದ್ದವು.

ಫೈನಲ್ ಅಗ್ನಿಶಾಮಕ ದಳದವರ ಮೇಲೆ. ಓಡುವುದೇ ಕೆಲಸವಾದ ಜನ, ಎಸೆತವೂ ಹಾಗೇ. ಆವತ್ತು ಗೋಂದಿಗೆ ಏನು ಹೊಕ್ಕಿತ್ತೋ, ಆಡಿದ್ದೆಲ್ಲ ಚಿನ್ನ. ನಲವತ್ತೊಂಬತ್ತಕ್ಕೆ ಬಂದು ನಿಂತ. ಷೆಡ್ಡಿನಲ್ಲಿ ಆಗಲೇ ಒಬ್ಬ ಬಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿದ್ದ. ಮೈಕು ನಲವತ್ತಾರರಲ್ಲಿದ್ದ.

ಚೆಂಡು ಗೋಂದಿನ ಬ್ಯಾಟಿನ ಅಂಚಿಗೆ ತಗುಲಿ ಅವನ ಬೆನ್ನ ಹಿಂದೆ ಉರುಳಿತು. ಹಿಂದೆ ಹೋದ ಚೆಂಡು ಆಡಿದವನಿಗೆ ಕಾಣುವುದಿಲ್ಲ, ಎದುರು ತುದಿಯವನೇ ನೋಡಿ ಕರೆಯಬೇಕು. ಅದೇ ಹೊತ್ತಿಗೆ ಹಳಿಯ ಮೇಲೆ ಗೂಡ್ಸ್ ರೈಲೊಂದು ಉದ್ದಕ್ಕೆ ಶಿಳ್ಳೆ ಹಾಕುತ್ತ ಬಂತು.

"ಬಾ!" ಎಂದು ಕೂಗಿದ ಮೈಕು.

ಗೋಂದು ಹಿಂದೆ ತಿರುಗಿಯೂ ನೋಡಲಿಲ್ಲ. ಭಾವ ಕರೆದ ಮೇಲೆ ನೋಡುವುದೇನು, ಓಡಿದ. ಮೈಕೂ ನಾಲ್ಕು ಹೆಜ್ಜೆ ಓಡಿದ. ಅಷ್ಟರಲ್ಲಿ ಫೀಲ್ಡರನ ಕೈಗೆ ಚೆಂಡು ಸಿಕ್ಕಿದ್ದು ಕಂಡಿತು. ಎಸೆತ ಬರುವುದು ತಾನು ಓಡಬೇಕಾದ ತುದಿಗೇ. ಔಟಾದರೆ ತಾನೇ, ನಲವತ್ತಾರಕ್ಕೆ. ಮೈಕು ನಿಂತ. ತಿರುಗಿ ತನ್ನ ಗೆರೆಯೊಳಕ್ಕೆ ಬ್ಯಾಟಿಟ್ಟ. ಅರ್ಧ ಪಿಚ್ ದಾಟಿದ್ದ ಗೋಂದು ಎದುರಿಗೆ ಭಾವನ ಬೆನ್ನು ನೋಡಿದ, ಗಕ್ಕನೆ ತಿರುಗಿದ, ಮ್ಯಾಟಿನ ಮೇಲೆ ಎದೆ ಉಜ್ಜಿಕೊಂಡು ಬ್ಯಾಟು ಚಾಚಿ ಬಿದ್ದ. ಒಂದು ಗೇಣು ಕಡಿಮೆಯಾಯಿತು.

ಮುಂದಿನ ಓವರಿನಲ್ಲಿ ಮೈಕು ಬೌಂಡರಿ ಹೊಡೆದು ಐವತ್ತು ಮುಟ್ಟಿದ. ಕ್ಲಬ್ಬು ಗೆದ್ದಿತು. ಅವನನ್ನು ಹೆಗಲ ಮೇಲೆ ಹೊತ್ತು ಷೆಡ್ಡಿಗೆ ತಂದಾಗ ಗೋಂದು ಮೂಲೆಯಲ್ಲಿ ಕೂತು ಮೊಣಕೈಯ ತರಚುಗಾಯ ಒರೆಸಿಕೊಳ್ಳುತ್ತಿದ್ದ.

"ಯಾಕಯ್ಯಾ ಓಡಿದೆ?" ಕ್ಯಾಪ್ಟನ್ ಕೇಳಿದ. "ಕರೆದ್ನಾ ಇವನು?"

ಗೋಂದು ಮೈಕಿನ ಮುಖ ನೋಡಿದ. ಹೆಗಲ ಮೇಲಿನ ಮೈಕಿಗೆ ಇಡೀ ಕ್ಲಬ್ಬು ಕೆಳಗಿನಿಂದ ತನ್ನನ್ನೇ ನೋಡುತ್ತಿರುವುದು ಕಾಣುತ್ತಿತ್ತು.

"ನಾನೆಲ್ಲಿ ಕರೆದೆ? ಕರೀಲೇ ಇಲ್ಲ," ಅಂದ.

ಬಣ್ಣದ ಡಬ್ಬಿ ಹೇಗೂ ತೆರೆದಿತ್ತು. ಹಲಗೆಯ ಮೇಲೆ ಮೈಕು ಎಂದು ಬರೆದರು.

*

ಮುಂದಿನ ಭಾನುವಾರ ಸೌಹಾರ್ದ ಪಂದ್ಯವೊಂದಿತ್ತು. ಷೆಡ್ಡಿನಿಂದ ಇಬ್ಬರೂ ಇಳಿದು ಹೋಗುವಾಗ ಗೋಂದು ಬೌಂಡರಿ ಗೆರೆಯ ಹತ್ತಿರ ನಿಂತ.

"ಭಾವ, ಇನ್ಮೇಲೆ ನೀನು ಕರೀಬೇಡ, ನಾನೂ ಕರೆಯಲ್ಲ. ನೋಡ್ಕೊಂಡು ಓಡೋಣ."

ಅದೇ ಅವನು ಮೈಕಿನ ಜೊತೆ ಆಡಿದ ಕೊನೆಯ ಮಾತು. ಬೈಗುಳವಿಲ್ಲ, ಜಗಳವಿಲ್ಲ. ಅಂಗಡಿಯಲ್ಲಿ ಗಾಜು ಉಜ್ಜುವ ಚಕ್ರವನ್ನು ಸಂಜೆ ನಿಲ್ಲಿಸುತ್ತಿದ್ದನಲ್ಲ, ಅಷ್ಟೇ ಸಲೀಸಾಗಿ ಮಾತು ನಿಲ್ಲಿಸಿಬಿಟ್ಟ.

ಆಮೇಲೆ ಹನ್ನೊಂದು ಬೇಸಿಗೆ ಆ ಇಬ್ಬರು ಒಂದೂ ಮಾತಿಲ್ಲದೆ ಇನ್ನಿಂಗ್ಸ್ ಶುರು ಮಾಡಿದರು. ಗೋಂದು ಬ್ಯಾಟನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ನಾನು ತಯಾರು, ಒಂದೇ ಸಲ ಕುಟ್ಟಿದರೆ ಬೇಡ. ಇದನ್ನು ಕೂತು ಗೊತ್ತುಮಾಡಿಕೊಂಡವರಲ್ಲ, ತಾನಾಗಿಯೇ ಆಗಿದ್ದು. ಮೈಕಿನ ಎಡ ಭುಜ ತುಸು ಬಾಗಿದರೆ ಗೋಂದು ಆಗಲೇ ಹೊರಟಿರುತ್ತಿದ್ದ. ಚೆಂಡಿಗಿಂತ ಹೆಚ್ಚು ಒಬ್ಬರ ಮುಖ ಒಬ್ಬರು ನೋಡಿದರು. ಒಂದು ರನ್ನಿನ ಜಾಗದಲ್ಲಿ ಎರಡು ಕದ್ದರು. ಎದುರು ತಂಡದವರು ಇವರಿಗೆ ಮೂಗರ ಜೋಡಿ ಎಂದು ಹೆಸರಿಟ್ಟರು, ಇವರನ್ನು ನೋಡಲೆಂದೇ ಹಳಿಯ ಆಚೆಯಿಂದ ಜನ ಬರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರೂ ಒಮ್ಮೆಯೂ ರನ್ ಔಟ್ ಆಗಲಿಲ್ಲ. ಮೈಕಿನ ಬದುಕಿನ ಅತ್ಯಂತ ಸುಖದ ಬೆಳಗುಗಳು ಅವು. ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಒಂದು ವಿಷಯ ಮಾತ್ರ ಅವನಿಗೆ ಕೊನೆಗೂ ಬಗೆಹರಿಯಲಿಲ್ಲ. ಪಂದ್ಯದ ಮೊದಲ ಚೆಂಡು ಎದುರಿಸುವವನು ವಾಡಿಕೆಯಂತೆ ಮೈಕು. ಆದರೆ ಕೆಲವು ಭಾನುವಾರ ಗೋಂದು ಕೇಳದೆ ಹೇಳದೆ ಸೀದಾ ಹೋಗಿ ಆ ತುದಿಯಲ್ಲಿ ನಿಂತುಬಿಡುತ್ತಿದ್ದ. ಮೈಕಿಗೆ ಮೈಯೆಲ್ಲ ಉರಿಯುತ್ತಿತ್ತು. ಹಳೆಯದನ್ನು ಹೀಗೆ ತೀರಿಸಿಕೊಳ್ಳುತ್ತಾನೆ ಅಂದುಕೊಳ್ಳುತ್ತಿದ್ದ.

ಪಂದ್ಯದ ದಿನ ಮಧ್ಯಾಹ್ನದ ಊಟ ತಂಗಿಯ ಮನೆಯಲ್ಲೇ, ಅದೇ ಮೇಜಿನಲ್ಲಿ, ಎದುರುಬದುರು.

"ನಿಮ್ಮಣ್ಣನಿಗೆ ಉಪ್ಪು ಬೇಕೇನೋ ಕೇಳು."

"ಬೇಡ ಅಂತ ಹೇಳು ನಿನ್ನ ಗಂಡನಿಗೆ."

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ತಂಗಿ ಸೌಟು ಕುಕ್ಕುತ್ತಿದ್ದಳು. "ಮೈದಾನದಲ್ಲಿ ಕಣ್ಣಲ್ಲೇ ಮಾತಾಡ್ತೀರಂತಲ್ಲ, ಉಪ್ಪಿಗೂ ಕಣ್ಣು ಹೊಡ್ಕೊಳ್ಳಿ!"

ಇಬ್ಬರೂ ತಟ್ಟೆ ನೋಡಿಕೊಂಡು ನಗು ನುಂಗುತ್ತಿದ್ದರು. ನುಂಗಿದ್ದು ನಗುವೇ ಎಂದು ಮೈಕು ಎಷ್ಟೋ ವರ್ಷ ನಂಬಿಕೊಂಡಿದ್ದ.

ಹೋದ ವಾರ ಆಸ್ಪತ್ರೆಯಲ್ಲಿ ಅವನು ಗೋಂದಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ತಂಗಿ ಔಷಧಿ ತರಲು ಹೋಗಿದ್ದಳು. ಗೋಂದು ಕಣ್ಣು ಬಿಟ್ಟ. ಭಾವನನ್ನೇ ನೋಡುತ್ತ ತೋರುಬೆರಳಿನಿಂದ ಮಂಚದ ಕಬ್ಬಿಣದ ಸರಳಿಗೆ ಕುಟ್ಟಿದ. ಒಂದು, ಎರಡು. ಮೈಕಿಗೆ ಅರ್ಥವಾಯಿತು. ಬಾಯಿ ತೆರೆದ. ಕರೆದಿದ್ದೆ ಕಣೋ ಭಾವ, ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ನರ್ಸ್ ಬಂದು, "ಟೈಮ್ ಆಯ್ತು, ಹೊರಗಿರಿ," ಎಂದಳು. ಅವನು ಹೊರಟ. ಗೋಂದು ಎರಡು ಸಲ ಕುಟ್ಟಿದರೂ ಮೈಕು ಓಡದೆ ಉಳಿದದ್ದು ಅದೊಂದೇ ಸಲ.

*

"ಒಳಗೆ ಬರಬಹುದಾ?"

ಅಂಗಡಿಯ ಕಡೆಯಿಂದ ಒಬ್ಬ ದಪ್ಪ ಮನುಷ್ಯ ಬಂದು ಬಾಗಿಲಲ್ಲಿ ನಿಂತ. ಮನೆಯವರಿಗೆ ಗುರುತು ಸಿಗಲಿಲ್ಲ. ಮೈಕಿಗೆ ಸಿಕ್ಕಿತು. ರೈಲು ನಿಲ್ದಾಣದಲ್ಲಿ ಚಹಾ ಅಂಗಡಿ ಇಟ್ಟಿದ್ದವನು.

"ನೀನ್ಯಾಕೆ ಇಲ್ಲಿ?" ಮೈಕು ಕೇಳಿದ. ಬೆಳಿಗ್ಗೆಯಿಂದ ಅವನ ಬಾಯಿಂದ ಬಿದ್ದ ಮೊದಲ ಮಾತು ಅದು.

"ಕನ್ನಡಕದ ಸಾರ್ ನಮ್ಮ ಗಿರಾಕಿ ಅಲ್ವಾ ಸಾರ್," ಅಂದ ಚಹಾದವನು. "ನಿಮಗೆ ಗೊತ್ತಿಲ್ವಾ? ಬೇಸಿಗೇಲಿ ಪ್ರತಿ ಶನಿವಾರ ಸಂಜೆ ಬರೋರು. ಮೂರನೇ ಬೆಂಚು, ಸ್ಪೀಕರ್ ಕೆಳಗೆ. ಒಂದು ಚಹಾ ತಗೊಂಡು ಕೂರೋರು. ಯಾವ ರೈಲೂ ಹತ್ತುತ್ತಿರಲಿಲ್ಲ, ಯಾರನ್ನೂ ಇಳಿಸ್ಕೊಳ್ಳೋಕೂ ಬರ್ತಿರಲಿಲ್ಲ."

"ಮತ್ತೆ ಯಾಕೆ ಬರ್ತಿದ್ರು?" ಮಗಳು ಕೇಳಿದಳು.

"ನಾನೂ ಒಂದಿನ ಹಾಗೇ ಕೇಳ್ದೆ ಕಣಮ್ಮ. 'ನಮ್ಮ ಭಾವನ ಗಂಟಲು ನೋಡೋಕೆ' ಅಂದ್ರು. ನನಗೆ ನಗು ಬಂತು. ಗಂಟಲು ಕೇಳ್ತಾರೆ, ನೋಡ್ತಾರಾ ಅಂದೆ. 'ನೆಗಡಿ ಇದ್ರೆ ದನಿಯಲ್ಲೇ ಗೊತ್ತಾಗುತ್ತೆ, ನೆಗಡಿ ಇದ್ರೆ ಅವನಿಗೆ ಕಣ್ಣು ತೇವ ಆಗಿ ಹೊಸ ಚೆಂಡು ಸರಿಯಾಗಿ ಕಾಣಲ್ಲ. ಆಗ ನಾಳೆ ಮೊದಲನೇ ಚೆಂಡು ನಾನೇ ಆಡ್ಬೇಕು' ಅಂದ್ರು. ಎರಡು ರೈಲಿನ ಅನೌನ್ಸ್‌ಮೆಂಟ್ ಕೇಳಿ ಎದ್ದು ಹೋಗೋರು. ಹನ್ನೊಂದು ವರ್ಷ ಸಾರ್. ಮಾತಾಡಿ ತಿಳ್ಕೋಬಾರದಾ ಅಂದ್ರೆ ನಗೋರು, ಅಷ್ಟೇ."

ಮೈಕು ಎದ್ದು ನಿಂತ. ಮತ್ತೆ ಕೂತ. ಮತ್ತೆ ಎದ್ದ. ಗೋಂದು ಕೇಳದೆ ಹೇಳದೆ ಆ ತುದಿಗೆ ನಡೆದ ಭಾನುವಾರಗಳೆಲ್ಲ ಒಂದೊಂದಾಗಿ ನೆನಪಾದವು. ತನ್ನ ಜೇಬಿನಲ್ಲಿ ಕರವಸ್ತ್ರ ಒದ್ದೆಯಾಗಿರುತ್ತಿದ್ದ ಭಾನುವಾರಗಳು. ಅಯ್ಯೋ, ಎಂಥ ಮನುಷ್ಯನ ಮೇಲೆ ಹಲ್ಲು ಕಡಿದುಕೊಂಡು ನಿಂತಿದ್ದೆ!

"ಕ್ಯಾಪ್ಟನ್," ಅಂದ. "ಆ ನಲವತ್ತೊಂಬತ್ತರ ಕತೆ ಹೇಳಬೇಡ ಅಲ್ಲಿ."

"ಯಾಕೋ? ಮಗಳೇ ಕೇಳ್ತಿದಾಳಲ್ಲ."

"ಸುಳ್ಳು ಅದು. ನಾನು ಕರೆದಿದ್ದೆ."

"ಏನಂದೆ?"

"'ಬಾ' ಅಂತ ಕರೆದೆ. ಅವನು ನನ್ನ ಮಾತು ನಂಬಿ ಓಡಿದ. ಎಸೆತ ನಾನು ಓಡ್ಬೇಕಾದ ತುದಿಗೆ ಬರುತ್ತೆ ಅಂತ ಗೊತ್ತಾಗಿ ನಾನು ನಿಂತುಬಿಟ್ಟೆ. ಆಸೆ ನಂದು ಕಣೋ, ಅವನದಲ್ಲ. ಆಮೇಲೆ ನೀವೆಲ್ಲ ಕೇಳಿದಾಗ ಕರೀಲಿಲ್ಲ ಅಂದುಬಿಟ್ಟೆ." ರೈಲುಗಳನ್ನು ಕರೆದ ಆ ದನಿ ಒಡೆದು ಚೂರಾಯಿತು. "ಮೂವತ್ತೊಂದು ವರ್ಷ ನೀವು ಇದೇ ಕತೆ ಹೇಳಿ ನಕ್ಕಿದೀರಿ. ಅವನೂ ಕೂತು ಕೇಳ್ದ. ನಾನೂ ಕೂತು ಕೇಳ್ದೆ."

ಬೈಯಬೇಕೆಂದು ಕ್ಯಾಪ್ಟನ್ ಮುಖವೆಲ್ಲ ಕೆಂಪಾಯಿತು. ಯಾರನ್ನು ಬೈಯುವುದು ಎಂದು ಅವನಿಗೇ ತಿಳಿಯಲಿಲ್ಲ. ಅತಿ ಹೆಚ್ಚು ಸಲ ಆ ಕತೆ ಹೇಳಿದವನು ಅವನೇ.

"ಆ ಹಲಗೆ ಮೇಲೆ ನನ್ನ ಹೆಸರು ಅಳಿಸಿಬಿಡು," ಅಂದ ಮೈಕು.

"ಎಲ್ಲಿ ಅಳಿಸ್ಲಿ?" ಕ್ಯಾಪ್ಟನ್ ಕೊನೆಗೂ ಗದರಿದ. "ಹಲಗೆ ಗೆದ್ದಲು ತಿಂದು ಹತ್ತು ವರ್ಷ ಆಯ್ತು!"

ಮೈಕು ತಂಗಿಯ ಕಡೆ ತಿರುಗಿದ. ಅವಳು ಗಂಡನ ತಲೆಯ ಹತ್ತಿರ ಕೂತಿದ್ದಳು, ಕನ್ನಡಕದ ಮೇಲೆ ಕೂತ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು.

"ನನಗೆ ಗೊತ್ತಿತ್ತು," ಅಂದಳು.

"ಹೇಳಿದ್ನಾ?"

"ಒಂದೇ ಸಲ. 'ಗೂಡ್ಸ್ ರೈಲು ಕೂಗಿದ್ರೇನು, ದಿನಾ ರೈಲಿನ ಮೇಲೆ ಕೂಗೋ ಗಂಟಲು ಅದು. ಇಪ್ಪತ್ತೆರಡು ಗಜಕ್ಕೆ ಕೇಳಲ್ವಾ?' ಅಂದ್ರು. ಹಾಗಾದ್ರೆ ಎಲ್ರಿಗೂ ಹೇಳಿ ಅಂದೆ. 'ಅದು ನಿಮ್ಮಣ್ಣ ಹೇಳೋ ಮಾತು, ನಾನು ಹೇಗೆ ಹೇಳ್ಲಿ' ಅಂದ್ರು." ಅವಳು ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ, ಕೆಂಡ ಇತ್ತು. "ಕಾಯ್ತಿದ್ರು ಅಣ್ಣ. ನೀನು ಪ್ರತಿ ಸಲ ಬಾಗಿಲಿಗೆ ಬಂದಾಗಲೂ ಕೈಯಲ್ಲಿದ್ದ ಗಾಜು ಕೆಳಗಿಡೋರು. ಇವತ್ತು ಹೇಳ್ತಾನೆ ಅಂತ. ಒಂದು ದಿನ ಮೊದಲು ಹೇಳಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು?"

"ಏನೂ ಇಲ್ಲ ಪುಟ್ಟಿ," ಅಂದ ಅವನು. "ಏನೂ ಹೋಗ್ತಿರಲಿಲ್ಲ."

ಎಪ್ಪತ್ತೆರಡು ವರ್ಷದ ಮನುಷ್ಯ, ಗೋಡೆಯ ಅಕ್ಷರಪಟ್ಟಿಗೆ ಹಣೆ ಆನಿಸಿ ಅತ್ತ. ತಂಗಿಯ ಮಗಳು ಬಂದು ಬೆನ್ನ ಮೇಲೆ ಕೈಯಿಟ್ಟಳು. ಅವಳ ತಾಯಿ ಬರಲಿಲ್ಲ. ತುಂಬ ಹೊತ್ತಿನ ಮೇಲೆ ಎದ್ದು, ಮೂಲೆಯಲ್ಲಿದ್ದ ಹಳೆಯ ಬ್ಯಾಟು ತಂದು ಗಂಡನ ಪಕ್ಕ ಇಟ್ಟಳು. ಹಿಡಿಯ ರಬ್ಬರು ಸವೆದು ದಾರ ಕಾಣುತ್ತಿತ್ತು.

"ಹೊತ್ತಾಯ್ತು," ಅಂದಳು. "ಅಣ್ಣ, ಮುಂದಿನ ಹಿಡಿ ನೀನು ಹಿಡಿ."

*

ಮುಚ್ಚಳ ಹಾಕಿದರು. ಕೀಪರನ ಮಂಡಿ ಕೈಕೊಟ್ಟಿದ್ದರಿಂದ ಅವನ ಜಾಗಕ್ಕೆ ಚಹಾದವನು ಬಂದ. ಹಿಂದೆ ಕ್ಯಾಪ್ಟನ್ ಮತ್ತು ಡ್ರೈವರ್, ಮುಂದೆ ಚಹಾದವನು ಮತ್ತು ಮೈಕು. ಮೈಕು ಮಾತ್ರ ಬಾಗಿಲಿಗೆ ಬೆನ್ನು ಮಾಡಿ, ಪೆಟ್ಟಿಗೆಯ ಕಡೆ ಮುಖ ಮಾಡಿ ನಿಂತ.

"ಹಿಂದುಹಿಂದಕ್ಕೆ ನಡೀತೀಯಾ? ಬಿದ್ದು ಸೊಂಟ ಮುರ್ಕೋತೀಯ," ಅಂದ ಕ್ಯಾಪ್ಟನ್.

"ಹನ್ನೊಂದು ವರ್ಷ ಇವನ ಮುಖ ನೋಡ್ಕೊಂಡೇ ಓಡಿದೀನಿ. ಬೀಳಲ್ಲ."

ಅವನು ಬಗ್ಗಿ ತೋರುಬೆರಳಿನಿಂದ ಮುಚ್ಚಳದ ಮೇಲೆ ಕುಟ್ಟಿದ. ಒಂದು, ಎರಡು. ಕೀಪರ್ ಕುರ್ಚಿಯಲ್ಲಿ ಕೂತಲ್ಲೇ ಮುಖ ತಿರುಗಿಸಿಕೊಂಡ. ಕ್ಲಬ್ಬಿನವರಿಗೆಲ್ಲ ಆ ಕುಟ್ಟು ಗೊತ್ತಿತ್ತು.

"ಬಾ," ಎಂದ ಮೈಕು.

ಜೋರಾಗಿ ಅಲ್ಲ. ಆದರೂ ಒಳಗಿನ ಅಡುಗೆಮನೆಯಿಂದ ಹೊರಗಿನ ಬೀದಿಯವರೆಗೆ ಎಲ್ಲರಿಗೂ ಕೇಳಿಸಿತು. ಅದೇ ಹಳೆಯ ದನಿ, ಮಲಗಿದವರನ್ನು ಎಬ್ಬಿಸುತ್ತಿದ್ದ ದನಿ. ನಾಲ್ವರೂ ಒಟ್ಟಿಗೆ ಎತ್ತಿದರು.

ಓಣಿಯಲ್ಲಿ ಬೇರೆ ಯಾರೂ ಬಾಯಿ ಬಿಡಲಿಲ್ಲ. "ಬಾ. ಬಾ. ನಿಲ್ಲು." ತಿರುವು ಬಂತು. "ಕ್ಯಾಪ್ಟನ್, ನಿನ್ನ ತುದಿ ಎತ್ತು. ಇನ್ನೂ ಒಂಚೂರು. ಗೋಡೆಗೆ ಒರಗಿಸು. ಹಾಂ. ಈಗ ಬಾ." ಬೆಳಿಗ್ಗೆ ಖಾಲಿ ಪೆಟ್ಟಿಗೆ ದಾಟಲಾರದೆ ಒದ್ದಾಡಿದ ಮೂಲೆಯನ್ನು ತುಂಬಿದ ಪೆಟ್ಟಿಗೆ ಗೋಡೆಯ ಸುಣ್ಣವನ್ನೂ ಕೆರೆಯದೆ ದಾಟಿತು. ಗದರುವುದಕ್ಕೆಂದೇ ಹುಟ್ಟಿದ ಕ್ಯಾಪ್ಟನ್ ಹೇಳಿದಂತೆ ಕೇಳಿದ, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಂಗಡಿಯ ಕಪಾಟುಗಳಲ್ಲಿ ಸಾಲು ಸಾಲು ಕನ್ನಡಕಗಳು ಕೂತಿದ್ದವು. ಅವುಗಳ ನಡುವೆ ಹಾದು ಪೆಟ್ಟಿಗೆ ಬಾಗಿಲಿಗೆ ಬಂತು. ಬಾಗಿಲಾಚೆ ಬೀದಿಗೆ ಇಳಿಯಲು ಒಂದೇ ಮೆಟ್ಟಿಲು. ಕಣ್ಣು ಮಂದವಾದವರು ಎಡವಿ ಬೀಳಬಾರದೆಂದು ಗೋಂದು ಆ ಮೆಟ್ಟಿಲಿನ ಅಂಚಿಗೆ ಪ್ರತಿ ವರ್ಷ ತಾನೇ ಕೂತು ಬಿಳಿ ಬಣ್ಣ ಬಳಿಯುತ್ತಿದ್ದ. ಮೈಕು ಹಿಮ್ಮಡಿಯಿಂದ ಅದನ್ನು ತಡವಿ ಕೆಳಗಿಳಿದ. ಚಹಾದವನೂ ಇಳಿದ. ಬೀದಿಯಲ್ಲಿ ನಿಂತಿದ್ದವರು ಹಿಂದೆ ಸರಿದು ದಾರಿ ಬಿಟ್ಟರು. ಡ್ರೈವರ್ ವ್ಯಾನಿನ ಬಾಗಿಲು ನೋಡಿದ.

"ಸಾಕಪ್ಪಾ, ಉಸಿರು ಹೋಗ್ತಿದೆ," ಅಂದ ಕ್ಯಾಪ್ಟನ್. "ಇಲ್ಲೇ ಒಂದು ನಿಮಿಷ ಇಳಿಸೋಣ."

ಮೈಕು ಬಗ್ಗಿ ನೋಡಿದ. ಪೆಟ್ಟಿಗೆಯ ಹಿಂದಿನ ತುದಿ ಮೆಟ್ಟಿಲಿನ ಬಿಳಿ ಗೆರೆಯನ್ನು ಇನ್ನೂ ದಾಟಿರಲಿಲ್ಲ, ಒಂದು ಗೇಣು ಕಡಿಮೆಯಿತ್ತು.

"ಇಲ್ಲ," ಅಂದ. "ಇನ್ನೊಂದೇ ಹೆಜ್ಜೆ."

ಹಿಡಿಯನ್ನು ಭದ್ರವಾಗಿ ಹಿಡಿದು, ಕಣ್ಣು ತೆಗೆಯದೆ, ಮೊದಲು ತಾನು ಹೆಜ್ಜೆಯಿಟ್ಟ.

"ಬಾ, ಭಾವ," ಅಂದ.

ಪೆಟ್ಟಿಗೆ ಗೆರೆ ದಾಟಿತು.